ಮೇ ಒಂದರಂದು ಪ್ರೆಸ್ ನಿಲ್ಲಿಸಿದವರು

ದೆಹಲಿ ಹತ್ತಿರದ ಮಾನೇಸರ್‌ನಲ್ಲಿ, ತಗಡನ್ನು ಪ್ರೆಸ್ ಯಂತ್ರದಲ್ಲಿ ಒತ್ತಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಎಚ್‌ಆರ್ ವಿಭಾಗದಲ್ಲಿ ನನ್ನ ಕೆಲಸ. ದೆಹಲಿಯ ದ್ವಾರಕಾದ ಮನೆಯಿಂದ ದಿನವೂ ಕಂಪನಿ ಕ್ಯಾಬಿನಲ್ಲಿ ಹೋಗಿಬರುತ್ತೇನೆ. ನಾನು ಸೇರಿದ ಹೊಸದರಲ್ಲಿ ಮೇ ಒಂದಕ್ಕೆ ರಜೆ ಇತ್ತು. ಬೆಳಿಗ್ಗೆ ಕಾರ್ಮಿಕರು ಗೇಟಿನ ಹೊರಗೆ ಕೆಂಪು ಬಾವುಟ ಏರಿಸಿ, ಬೂಂದಿ ಹಂಚಿ, ಮನೆಗೆ ಹೋಗುತ್ತಿದ್ದರು. ಆಮೇಲೆ ಕಾಯಂ ನೌಕರರು ಕಡಿಮೆಯಾಗಿ ಗುತ್ತಿಗೆಯವರು ತುಂಬಿಕೊಂಡರು. ಬಾವುಟ ಏರಿಸುವವರೇ ಉಳಿಯಲಿಲ್ಲ, ರಜೆ ಮಾತ್ರ ಉಳಿಯಿತು.

ಕಳೆದ ವರ್ಷ ಏಪ್ರಿಲ್‌ನಲ್ಲಿ ಪ್ಲಾಂಟ್ ಹೆಡ್ ನನ್ನನ್ನು ಕರೆದು, "ಈ ಸಲ ರಜೆ ಬೇಡ, ಸೆಲೆಬ್ರೇಷನ್ ಮಾಡೋಣ. ಮೂರು ಗಂಟೆಗೆ ಕೇಕ್, ನನ್ನ ಭಾಷಣ. ನೀವೇ ಬರೆದುಕೊಡಿ" ಎಂದು ಹಿಂದಿಯಲ್ಲಿ ಹೇಳಿದರು.

ಬರೆಯಲು ಕೂತಾಗ ಆ ದಿನ ಎಲ್ಲಿಂದ ಬಂತೆಂದು ಓದಿದೆ. ದಿನಕ್ಕೆ ಎಂಟು ಗಂಟೆ ದುಡಿಮೆ ಸಾಕು ಎಂದು ಷಿಕಾಗೋದ ಕಾರ್ಮಿಕರು ಬೀದಿಗಿಳಿದದ್ದು, ಬಾಂಬು ಸಿಡಿದದ್ದು, ಗುಂಡು ಹಾರಿದ್ದು, ಕೊನೆಗೆ ನಾಲ್ವರನ್ನು ನೇಣಿಗೇರಿಸಿದ್ದು. ನಮ್ಮಲ್ಲಿ ಮೊದಲು ಮದರಾಸಿನ ಕಡಲತೀರದಲ್ಲಿ ಜನ ಸೇರಿದ್ದು. ಅದನ್ನೆಲ್ಲ ಒಂದು ಪ್ಯಾರಾ ಬರೆದೆ. ಪ್ಲಾಂಟ್ ಹೆಡ್ ಅಷ್ಟನ್ನೂ ಹೊಡೆದುಹಾಕಿದರು. "ನೇಣು, ಗುಂಡು ಯಾಕೆ ಮೇಡಂ? ನಾವೆಲ್ಲ ಒಂದೇ ಕುಟುಂಬ ಅಂತ ಬರೀರಿ." ಹಾಗೇ ಬರೆದುಕೊಟ್ಟೆ.

ನಮ್ಮಲ್ಲಿ ಯಂತ್ರ ದುರಸ್ತಿ ಮಾಡುವ, ಬೀದರ್ ಕಡೆಯ ಒಬ್ಬ ಫಿಟ್ಟರ್ ಇದ್ದರು. ಇಡೀ ಕಾರ್ಖಾನೆಯಲ್ಲಿ ನನ್ನೊಂದಿಗೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ಮೇ ಒಂದರ ಹಿಂದಿನ ದಿನ ಕ್ಯಾಂಟೀನಿನಲ್ಲಿ ನನ್ನೆದುರು ಬಂದು ಕೂತರು.

"ಅಕ್ಕಾ, ಮೂರನೇ ಪ್ರೆಸ್ಸಿನ ಸೆನ್ಸರ್ ಬಂದ್ ಮಾಡಿ ಇಟ್ಟಾರ. ಕೈ ಒಳಗಿದ್ರೂ ಈಗ ಅದು ನಿಲ್ಲಂಗಿಲ್ಲ."

"ಯಾಕೆ ಬಂದ್ ಮಾಡಿದಾರೆ?"

"ಸೆನ್ಸರ್ ಇದ್ರ ಟಾರ್ಗೆಟ್ ಆಗಂಗಿಲ್ಲಂತ. ನಾ ಮೂರು ಸಲ ರಿಜಿಸ್ಟರ್‌ನಾಗ ಬರದೀನಿ. ಅಲ್ಲಿ ನಿಂತಾಕಿ ಹೊಸಾ ಹುಡುಗಿ, ಆಕಿಗೆ ಗೊತ್ತೂ ಇಲ್ಲ."

"ನಾಳೆ ಕಾರ್ಯಕ್ರಮ ಮುಗೀಲಿ, ನಾನೇ ಮಾತಾಡ್ತೀನಿ."

"ಅಲ್ಲೀ ತನಕಾ ಕೈ ಉಳೀಬೇಕಲ್ರಿ" ಎಂದು ಅವರು ತಟ್ಟೆ ಎತ್ತಿಕೊಂಡು ಎದ್ದರು.

ಮರುದಿನ ಮಧ್ಯಾಹ್ನ ಬಲೂನು ಕಟ್ಟಿಸುತ್ತಿದ್ದೆ. ಯಂತ್ರಗಳು ಓಡುತ್ತಲೇ ಇದ್ದವು. ಪ್ರತಿ ಸಲ ಪ್ರೆಸ್ ಕೆಳಗಿಳಿದಾಗ ಕಾಲಡಿಯ ನೆಲ ಅದುರುತ್ತಿತ್ತು. ಆ ಸದ್ದಿಗೆ ಅಷ್ಟು ವರ್ಷಗಳಲ್ಲಿ ನಾನು ಕಿವಿಗೊಟ್ಟವಳಲ್ಲ. ಅಂದು ಒಂದೊಂದು ಏಟನ್ನೂ ಎಣಿಸುತ್ತಿದ್ದೆ.

ಒಮ್ಮೆಲೇ ಅದು ನಿಂತಿತು. ಓಡಿದೆ. ಫಿಟ್ಟರ್ ಕೆಂಪು ಬಟನ್ ಒತ್ತಿ ಹುಡುಗಿಯನ್ನು ಆಚೆ ನಿಲ್ಲಿಸಿದ್ದರು. ಅವಳ ಕೈಗೆ ಏನೂ ಆಗಿರಲಿಲ್ಲ. ಪ್ಲಾಂಟ್ ಹೆಡ್ ಬಂದು, ಯಾರ ಅಪ್ಪಣೆಯಿಂದ ನಿಲ್ಲಿಸಿದೆ ಎಂದು ಕೇಳಿದರು. ಫಿಟ್ಟರ್ ಅಲ್ಲೇ ಬಿದ್ದಿದ್ದ ಕೋಲೊಂದನ್ನು ಎತ್ತಿಕೊಂಡರು. ಒಂದು ಕೈಗವಸಿಗೆ ಹತ್ತಿಬಟ್ಟೆ ತುಂಬಿ, ಕೋಲಿಗೆ ಸಿಕ್ಕಿಸಿ, ಪ್ರೆಸ್ಸಿನೊಳಗೆ ಹಿಡಿದು, ಯಂತ್ರ ಚಾಲೂ ಮಾಡಿದರು. ಅದು ಇಳಿಯಿತು. ಹೊರಗೆಳೆದಾಗ ಕೈಗವಸು ಹಪ್ಪಳದಂತಾಗಿತ್ತು. ಹುಡುಗಿ ತನ್ನೆರಡು ಕೈಗಳನ್ನೂ ಕಂಕುಳಲ್ಲಿ ಇಟ್ಟುಕೊಂಡಳು. ಸುತ್ತ ಅರವತ್ತು ಜನ ನಿಂತು ನೋಡುತ್ತಿದ್ದರು.

"ಚಲೋ, ಕೇಕ್ ಕತ್ತರಿಸೋಣ" ಎಂದರು ಪ್ಲಾಂಟ್ ಹೆಡ್. ಭಾಷಣ ನಡೆಯಿತು. ನನ್ನ ವಾಕ್ಯಗಳನ್ನು ಅವರು ಒಂದೂ ಬಿಡದೆ ಓದಿದರು.

ಮೂರನೆಯ ದಿನ ಫಿಟ್ಟರ್ ಅವರ ಕಾರ್ಡಿಗೆ ಗೇಟು ತೆರೆಯಲಿಲ್ಲ. ಅವರ ಸೇವೆ ಬೇಡವೆಂಬ ಪತ್ರ ತಯಾರಿಸಿದವಳು ನಾನೇ. ಗೇಟಿನಲ್ಲಿ ಕೊಡುವಾಗ ಅವರು ಓದದೆ ಮಡಚಿ, "ಸೆನ್ಸರ್ ಚಾಲೂ ಮಾಡಿದ್ರೇನಕ್ಕಾ?" ಎಂದು ಕೇಳಿದರು. ಮಾಡಿರಲಿಲ್ಲ. ಆ ಸಂಜೆಯೇ ಸರ್ಕಾರದ ಕಾರ್ಖಾನೆ ಇನ್‌ಸ್ಪೆಕ್ಟರಿಗೆ ನನ್ನ ಹೆಸರು ಹಾಕಿಯೇ ದೂರು ಬರೆದೆ. ತಿಂಗಳ ನಂತರ ತಪಾಸಣೆಯಾಗಿ ಸೆನ್ಸರ್ ಮತ್ತೆ ಕೆಲಸ ಮಾಡಿತು. ಫಿಟ್ಟರ್ ಬೀದರಿಗೆ ಹೋದರು. ಊಟದ ಹೊತ್ತಿಗೆ ನನ್ನ ಮೇಜಿಗೆ ಬರುತ್ತಿದ್ದ ಆಫೀಸಿನವರು, ದೂರು ನನ್ನದೆಂದು ತಿಳಿದ ಮೇಲೆ, ಬೇರೆ ಕಡೆ ಕೂರತೊಡಗಿದರು.

ಈ ವರ್ಷ ಮೇ ಒಂದರ ಬಗ್ಗೆ ಸುತ್ತೋಲೆಯೇ ಬರಲಿಲ್ಲ. ಪ್ರತಿವರ್ಷ ನಾನೇ ಟೈಪ್ ಮಾಡುತ್ತಿದ್ದ ರಜೆಗಳ ಪಟ್ಟಿಯನ್ನು ಈ ಸಲ ಬೇರೆ ಯಾರೋ ಮಾಡಿದ್ದರು. ಅದರಲ್ಲಿ ಮೇ ಒಂದರ ಸಾಲು ಇರಲಿಲ್ಲ. ಅಂದು ಬೆಳಿಗ್ಗೆ ಎಲ್ಲರೂ ವೇಳೆಗೆ ಸರಿಯಾಗಿ ಒಳಗೆ ಬಂದರು. ರಜೆ ಯಾಕಿಲ್ಲ ಎಂದು ಒಬ್ಬರೂ ಕೇಳಲಿಲ್ಲ.