ಇದ್ದಿಲು ಎಂದು ಬರೆಸಿದ ಅರ್ಜಿ

ಅಕ್ಕತಂಗಿಯರಿಬ್ಬರನ್ನೂ ಒಂದೇ ಕೆಲಸದವರಿಗೆ ಕೊಟ್ಟಿದ್ದರು, ದೇಶ ಮಾತ್ರ ಎರಡು. ಗಂಡಂದಿರಿಬ್ಬರೂ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಸ್ಥಾವರದವರು. ಓಡುವ ಬೆಲ್ಟಿನ ಪಕ್ಕ ನಿಂತು, ಕಲ್ಲಿದ್ದಲಿನ ನಡುವೆ ಬರುವ ಕಲ್ಲು, ಕಬ್ಬಿಣದ ಚೂರು ಆರಿಸಿ ತೆಗೆಯುವುದು ಅವರ ಕೆಲಸ.

"ನೀನು ಅಕ್ಕೀಲಿ ಕಲ್ಲು ಆರಿಸ್ತೀಯ, ನಾನು ಇದ್ದಿಲಲ್ಲಿ. ಇಬ್ರದ್ದೂ ಒಂದೇ ನೌಕರಿ ಕಣೆ," ಎಂದು ಅಕ್ಕನ ಗಂಡ ನಗುತ್ತಿದ್ದ. ಕಲ್ಲಿದ್ದಲಿಗೆ ಅವನು ಇದ್ದಿಲು ಎಂದೇ ಅನ್ನುತ್ತಿದ್ದ. ಆ ಕ್ವಾರ್ಟರ್ಸಿನ ಸಾಲಿನಲ್ಲಿ ಎಲ್ಲರ ಬಾಯಲ್ಲೂ ಅದು ಇದ್ದಿಲೇ.

ಕೆಲಸಕ್ಕೆ ಸೇರಿದ ಮೂವತ್ತೊಂದನೆಯ ವರ್ಷಕ್ಕೆ ನಗುವಿನ ಹಿಂದೆಯೇ ಕೆಮ್ಮು ಬರತೊಡಗಿತು. ಆಮೇಲೆ ನಗುವುದನ್ನೇ ಕಡಿಮೆ ಮಾಡಿದ.

ತಂಗಿ ಭಾನುವಾರ ಫೋನು ಮಾಡುತ್ತಿದ್ದಳು.

"ನಮ್ಮಲ್ಲಿ ನೂರು ದೀಪ ಉರಿದ್ರೆ ಕಲ್ಲಿದ್ದಲಿಂದ ಉರಿಯೋದು ಈಗ ಎರಡೇ ಅಂತೆ ಅಕ್ಕ. ಮಿಕ್ಕಿದ್ದೆಲ್ಲ ಗಾಳಿ, ನೀರು, ಬಿಸಿಲು. ನಿಮ್ಮಲ್ಲಿ?"

"ಎಪ್ಪತ್ತಂತೆ. ಕ್ಯಾಂಟೀನಿನ ಟಿವೀಲಿ ಹೇಳಿದ್ರಂತೆ."

"ಅಬ್ಬ! ಅಷ್ಟನ್ನೂ ಭಾವ ಒಬ್ರೇ ಉರಿಸ್ತಿದಾರಾ?"

"ಕೆಮ್ಮೋದು ಕೇಳಿದ್ರೆ ಹಾಗೇ ಅನ್ಸುತ್ತೆ."

ಇಬ್ಬರೂ ನಕ್ಕರು. ತಂಗಿಯ ಗಂಡನ ಸ್ಥಾವರ ಮುಚ್ಚಿ ಆರು ವರ್ಷವಾಗಿತ್ತು. ಮುಚ್ಚುವ ಮೊದಲು ಒಬ್ಬೊಬ್ಬರದೂ ಎದೆಯ ಎಕ್ಸ್‌ರೇ ತೆಗೆಸಿದ್ದರು. ಅವನೀಗ ಶಾಲೆಯೊಂದರಲ್ಲಿ ಗಂಟೆ ಹೊಡೆಯುತ್ತಾನೆ, ಮೂರು ಮಹಡಿ ನಿಲ್ಲದೆ ಹತ್ತುತ್ತಾನೆ.

"ಭಾವನ್ನ ಆ ಧೂಳಿಂದ ಈಚೆ ತಾರೇ, ಅಕ್ಕ."

ಅದಕ್ಕೊಂದು ದಾರಿಯಿತ್ತು. ಧೂಳಿನ ರೋಗವೆಂದು ವೈದ್ಯರ ಮಂಡಳಿ ಬರೆದುಕೊಟ್ಟರೆ ಗೇಟಿನ ಕೋಣೆಗೆ ವರ್ಗ. ಗಂಡನಿಗೆ ಸರದಿಯಲ್ಲಿ ನಿಲ್ಲುವ ತ್ರಾಣವಿಲ್ಲ, ಅಕ್ಕನೇ ಅರ್ಜಿ ಬರೆಸಲು ಮಂಡಳಿಯ ಕಚೇರಿಗೆ ಹೋದಳು. ಗುಮಾಸ್ತ ಊರಿಗೆ ಹೊಸಬ.

"ಯಜಮಾನ್ರಿಗೆ ಏನು ಕೆಲಸ?"

"ಇದ್ದಿಲು ಕೆಲಸ, ಸ್ವಾಮಿ."

ಅವನು ಬರೆದ. ಅವಳು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು; ತಾನು ಹೇಳಿದ್ದೇ ಇತ್ತು. ರುಜು ಹಾಕಿದಳು.

ಎರಡು ತಿಂಗಳಿಗೆ ಅರ್ಜಿ ವಾಪಸು ಬಂತು. ಇದ್ದಿಲೆಂದರೆ ಸೌದೆ ಸುಟ್ಟು ಮಾಡುವಂಥದ್ದು, ಸ್ಥಾವರದಲ್ಲಿ ಅಂಥ ಕೆಲಸವೇ ಇಲ್ಲ, ಅರ್ಜಿದಾರರು ಬೇರೆ ಕಚೇರಿಗೆ ಹೋಗತಕ್ಕದ್ದು ಎಂದಿತ್ತು.

"ನೋಡಿದ್ಯಾ," ಎಂದ ಗಂಡ, "ಇದ್ದಿಲಿನ ಮುಂದೆ ಒಂದು ಕಲ್ಲು ಬೇಕಂತೆ. ಇಷ್ಟು ವರ್ಷ ನಾನು ಆರಿಸಿ ಎಸೆದಿದ್ದನ್ನೇ ಕೇಳ್ತಿದಾರೆ."

"ತಪ್ಪು ನಂದು ಕಣ್ರೀ."

"ಬಿಡೇ. ನಾನು ಹೋಗಿದ್ರೂ ಅದನ್ನೇ ಹೇಳ್ತಿದ್ದೆ."

ಮತ್ತೆ ಅರ್ಜಿ ಹಾಕಿದರು. ವರ್ಗವಾಗುವ ತನಕ ಬೆಲ್ಟು ಬಿಡುವಂತಿರಲಿಲ್ಲ. ಅದಾದ ಐದನೆಯ ತಿಂಗಳು, ಹಗಲು ಪಾಳಿಯಲ್ಲಿ, ಕಬ್ಬಿಣದ ಚೂರೊಂದನ್ನು ಹಿಡಿದುಕೊಂಡೇ ಅವನು ಕುಸಿದ. ಬೆಲ್ಟು ನಿಲ್ಲಿಸಿ ಹೊರಗೆ ತರುವಷ್ಟರಲ್ಲಿ ಉಸಿರು ನಿಂತಿತ್ತು.

ವರ್ಗದ ಆದೇಶ ಹನ್ನೊಂದು ದಿನ ಕಳೆದು ಬಂತು. ಅಕ್ಕ ಅದನ್ನು ಹಿಡಿದು ಗೇಟಿನ ಕೋಣೆಗೆ ಹೋದಳು. ಕಾವಲಿನವನು ಎದ್ದು ನಿಂತ.

"ಏನಾಗ್ಬೇಕಿತ್ತು ಅತ್ತಿಗೆ?"

"ಏನಿಲ್ಲಪ್ಪ. ಅವರು ಕೂತ್ಕೋಬೇಕಾಗಿದ್ದ ಜಾಗ ಯಾವುದು ಅಂತ ನೋಡೋಕೆ ಬಂದೆ."

ಅವನು ಕಿಟಕಿಯ ಪಕ್ಕದ ಕುರ್ಚಿ ತೋರಿಸಿದ. ಅಕ್ಕ ಕುರ್ಚಿಯ ಕೈಯ ಮೇಲೆ ಬೆರಳಾಡಿಸಿದಳು, ಬೆಳಕಿಗೆ ಹಿಡಿದು ನೋಡಿದಳು. ಬೆರಳಿಗೆ ಏನೂ ಹತ್ತಿರಲಿಲ್ಲ.

"ಚೆನ್ನಾಗಿದೆ," ಎಂದಳು. ಕೂತ್ಕೊಳ್ಳಿ ಎಂದು ಅವನು ಎಷ್ಟು ಹೇಳಿದರೂ ಕೂರಲಿಲ್ಲ.