ಕಡಲಿಗೆ ಕಳಿಸಿದ ಗಂಟೆ

ಮೂತ್ರಪಿಂಡಗಳು ಕೈಕೊಟ್ಟ ಮೇಲೆ ವಾರಕ್ಕೆ ಮೂರು ದಿನ ನಾನು ಚಳ್ಳಕೆರೆಯ ಆಸ್ಪತ್ರೆಯ ಹಾಸಿಗೆಯವಳು. ಉಳಿದ ದಿನ ಊರೂರು ಸುತ್ತಿ ಬಾ ಎಂದು ಎಲ್ಲರೂ ಸಲೀಸಾಗಿ ಹೇಳುತ್ತಾರೆ. ಆ ದಿನಗಳಲ್ಲಿ ನನಗೆ ಬಾಗಿಲವರೆಗೆ ಹೋಗಿ ಚಪ್ಪಲಿ ಹಾಕಿಕೊಳ್ಳುವುದೇ ಒಂದು ಪ್ರಯಾಣ. ಶಾಲೆಯಲ್ಲಿ ಭೂಗೋಳ ಹೇಳಿಕೊಡುವಾಗ ಕರಾವಳಿಯ ಗೆರೆಯನ್ನು ಪುಸ್ತಕ ನೋಡದೆ ಹಲಗೆಯ ಮೇಲೆ ಎಳೆಯುತ್ತಿದ್ದೆ. ಕಡಲನ್ನು ಮಾತ್ರ ಕಣ್ಣಾರೆ ಕಂಡವಳಲ್ಲ. ಮುಂದಿನ ರಜೆಗೆ ಹೋದರಾಯಿತು ಎನ್ನುತ್ತಲೇ ರಜೆಗಳು ಮುಗಿದುಹೋದವು.

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ ಹತ್ತಿರದ ಕುದಾಪುರಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ಅವಳಿಗೊಂದು ವಿಚಿತ್ರ ಆಟದ ಹುಚ್ಚು. ಯಾರೋ ಎಲ್ಲೋ ಒಂದು ಪುಟ್ಟ ಡಬ್ಬಿ ಬಚ್ಚಿಟ್ಟು ಜಾಗವನ್ನು ಇಂಟರ್ನೆಟ್ಟಿಗೆ ಹಾಕುತ್ತಾರೆ. ಇನ್ಯಾರೋ ಮೊಬೈಲ್ ಹಿಡಿದು ಹುಡುಕಿ ತೆಗೆಯುತ್ತಾರೆ. ಕೆಲವು ಡಬ್ಬಿಗಳಲ್ಲಿ ನಂಬರಿನ ಬಿಲ್ಲೆ ಕಟ್ಟಿದ ವಸ್ತು ಇರುತ್ತದೆ. ಸಿಕ್ಕವರು ಅದನ್ನು ಇಟ್ಟುಕೊಳ್ಳುವಂತಿಲ್ಲ, ಮುಂದಿನ ಡಬ್ಬಿಗೆ ದಾಟಿಸಬೇಕು. ಅದು ಎಲ್ಲೆಲ್ಲಿ ಹೋಯಿತೆಂದು ಕಳಿಸಿದವರು ಮನೆಯಲ್ಲೇ ಕೂತು ನೋಡಬಹುದು.

"ಆಂಟಿ, ನೀವೂ ಒಂದು ಕಳಿಸಿ. ನಾನು ಕಾರವಾರಕ್ಕೆ ಹೋಗ್ತಿದೀನಿ," ಎಂದಳು.

ಮೊಳೆಗೆ ನೇತುಹಾಕಿದ್ದ ಗಂಟೆಯನ್ನು ಕೊಟ್ಟೆ. ಅದು ಮೊಳಕಾಲ್ಮೂರು ಕಡೆಯ ನನ್ನ ತವರಿನದು. ಕುರಿ ಕಾಯುತ್ತಿದ್ದ ಅಪ್ಪ ಹಿಂಡಿನ ಮುಂದೆ ನಡೆಯುವ ಟಗರಿನ ಕೊರಳಿಗೆ ಕಟ್ಟುತ್ತಿದ್ದ ಹಿತ್ತಾಳೆ ಗಂಟೆ. ಅದರ ಅಂಚಿನಲ್ಲಿ ಅರದಿಂದ ಉಜ್ಜಿದ ಮೂರು ಗೀರುಗಳಿವೆ. ನಮ್ಮ ಹಿಂಡಿನ ಗುರುತು. ಕಾರವಾರದಿಂದ ಹೊರಟು, ಕಡಲು ಬಿಡದೆ, ಉಳ್ಳಾಲ ಮುಟ್ಟಬೇಕು ಎಂದು ಅವಳ ಕೈಯಲ್ಲಿ ಬರೆಸಿದೆ. "ಇನ್ನು ಗಂಟೆಗೂ ಟಿಕೆಟ್ ತೆಗೀಬೇಕೇನೋ," ಎಂದು ಮನೆಯವರು ನಕ್ಕರು.

ನಗಲಿ. ಒಂದು ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದಾಗ ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ನಾನು ಗಂಟೆಯ ಜೊತೆ ಹೋಗುತ್ತಿದ್ದೆ. ಗೋಕರ್ಣದಲ್ಲಿ ಯಾರೋ ಅದನ್ನು ಬಂಡೆಯ ಮೇಲಿಟ್ಟು ಫೋಟೋ ತೆಗೆದಿದ್ದರು, ಹಿಂದೆ ನೀರು. ಹೊನ್ನಾವರದಲ್ಲಿ ದೋಣಿಯ ಅಂಚಿನ ಮೇಲೆ. ಭಟ್ಕಳದಲ್ಲಿ ಡಬ್ಬಿಯೊಳಗೆ. ಆಮೇಲೆ ಸುದ್ದಿಯೇ ಇಲ್ಲ. ಕೊನೆಗೆ ಒಬ್ಬರು "ಡಬ್ಬಿ ಇದೆ, ಗಂಟೆ ಇಲ್ಲ" ಎಂದು ಹಾಕಿದರು. ಅವತ್ತು ನನಗೆ ಮೊಬೈಲ್ ಮುಟ್ಟುವುದೂ ಬೇಡವೆನಿಸಿತು. ಕಡಲೂ ಅಷ್ಟಕ್ಕೇ ನಿಂತುಹೋಯಿತು.

ಒಂದು ಭಾನುವಾರ ಗೇಟಿನ ಹತ್ತಿರ ಗಂಟೆಯ ಸದ್ದು. ಗೋಡೆ ಹಿಡಿದು ಹೊರಗೆ ಬಂದೆ. ಹೆಗಲಿಗೆ ಟವೆಲ್ ಹಾಕಿದ ಗಂಡಸೊಬ್ಬ ಬಾಯಿತುಂಬ ನಗುತ್ತಾ ನಿಂತಿದ್ದ. ನನ್ನ ತವರಿನ ಪಕ್ಕದ ಹಳ್ಳಿಯವನಂತೆ, ಈಗ ಈರುಳ್ಳಿ ಲಾರಿ ಓಡಿಸುತ್ತಾನಂತೆ.

"ಭಟ್ಕಳದಾಗೆ ಲೋಡ್ ಇಳಿಸ್ತಿದ್ರು. ನಾನು ಎರಡಕ್ಕೆ ಅಂತ ಕಲ್ಲುಗೋಡೆ ಹಿಂದಕ್ಕೆ ಹೋದೆ. ಸಂದ್ಯಾಗೆ ಒಂದು ಡಬ್ಬಿ. ತೆಗೆದು ನೋಡಿದ್ರೆ ಮೂರು ಗೀರು! ನಿಮ್ಮಪ್ಪಾರ ಗುರ್ತು ನಂಗೆ ಗೊತ್ತಿಲ್ವಾ? ಎಲ್ಲಿಂದೆಲ್ಲಿಗೆ ದಾರಿ ತಪ್ಪೈತೆ ನೋಡು ಅಂತ ಹೊಡ್ಕಂಡು ಬಂದೆ. ನಿಮ್ಮಣ್ಣನ ಮನಿಗೆ ಹೋದೆ, ಅವರು ಗಂಟೆ ತಂಗಿ ಹತ್ರ ಇತ್ತು, ಇಲ್ಲಿಗೆ ಹೋಗು ಅಂದ್ರು."

ತಪ್ಪಿಸಿಕೊಂಡ ಕುರಿ ಯಾರ ಹಿಂಡಿಗೆ ಸೇರಿದರೂ ಗುರುತು ನೋಡಿ ಮನೆ ಮುಟ್ಟಿಸುವ ಜನ ನಾವು. ಅವನದು ಒಂದಿಷ್ಟೂ ತಪ್ಪಿಲ್ಲ. ಆದರೂ ನನಗೆ ಉರಿದುಹೋಯಿತು. ದಾರಿಯಲ್ಲಿದ್ದದ್ದನ್ನು ಮುಟ್ಟು ಎಂದು ನಿನಗೆ ಯಾರು ಹೇಳಿದ್ದರಪ್ಪಾ ಎಂದು ಕೂಗಬೇಕೆನಿಸಿತು. ಕೂಗುವುದಕ್ಕೂ ತ್ರಾಣ ಬೇಕು. ಒಳಗೆ ಕರೆದು ಟೀ ಕೊಟ್ಟೆ. ಅವನಿಗೆ ಲೋಟ ತುಂಬ, ನನಗೆ ಡಾಕ್ಟರು ಬಿಟ್ಟಷ್ಟು, ಎರಡು ಗುಟುಕು.

"ಸಮುದ್ರ ಹೆಂಗಿತ್ತು?" ಎಂದೆ.

"ಅಲ್ಲೇ ಗೋಡೆ ಆಚೆಗೇ ಇತ್ತು ಅಕ್ಕಾ. ಸರಿಯಾಗಿ ನೋಡ್ಲಿಲ್ಲ. ಇದು ಸಿಕ್ತಲ್ಲ, ಇದ್ನೇ ನೋಡ್ತಾ ಬಂದೆ."

ಆಗ ಹೇಳಿದೆ. ಅದು ತಪ್ಪಿಸಿಕೊಂಡಿರಲಿಲ್ಲ, ನಾನೇ ಕಳಿಸಿದ್ದೆ. ನನಗೆ ಹೋಗಲಾಗುವುದಿಲ್ಲ, ಅದಾದರೂ ಉಳ್ಳಾಲದವರೆಗೆ ನೋಡಿಕೊಂಡು ಹೋಗಲಿ ಎಂದು. ಸೂಜಿಯ ಗಂಟುಗಳಿದ್ದ ನನ್ನ ತೋಳನ್ನು ಅವನು ಆಗ ಗಮನಿಸಿದ. ನಗು ಇಳಿದುಹೋಯಿತು. ಪಾಪ ಎನಿಸಿತು, ಎರಡು ಬಸ್ಸು ಹತ್ತಿ ಬಂದವನು.

"ಅಯ್ಯೋ, ಮೇಯಾಕೆ ಬಿಟ್ಟಿದ್ದನ್ನ ಹೊಡ್ಕಂಡು ಬಂದ್ನಲ್ಲಾ," ಎಂದು ತಲೆ ಕೆರೆದುಕೊಂಡ. "ಕೊಡ್ರಿ ಇತ್ಲಾಗೆ. ನಾಡಿದ್ದು ಮತ್ತೆ ಅದೇ ಕಡೆ ಲೋಡ್ ಐತೆ. ಅದೇ ಡಬ್ಯಾಗೆ ಇಡ್ತೀನಿ."

ಕೊಡುವ ಮೊದಲು ಒಂದು ಸಲ ಅಲ್ಲಾಡಿಸಿದೆ. ಸಂಜೆ ಅಪ್ಪ ಹಿಂಡು ತಿರುಗಿಸಿಕೊಂಡು ಬರುವಾಗ ಕೇಳುತ್ತಿದ್ದ ಅದೇ ಸದ್ದು. ಅಳು ಬಂತು, ಅತ್ತುಬಿಟ್ಟೆ. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದ.

ಗಂಟೆಯನ್ನು ಟವೆಲ್ಲಿನ ತುದಿಗೆ ಕಟ್ಟಿಕೊಂಡು ಗೇಟಿನವರೆಗೆ ಹೋದವನು ನಿಂತ.

"ಅಲ್ಲಕ್ಕಾ, ಉಳ್ಳಾಲ ಮುಟ್ಟಿದ ಮ್ಯಾಲೆ ಮನಿಗೆ ಯಾರು ಕರ್ಕಂಡು ಬರ್ತಾರೆ?"

ಅದನ್ನು ನಾನು ಯೋಚಿಸಿರಲೇ ಇಲ್ಲ. ಹೋಗುವುದನ್ನಷ್ಟೇ ಬರೆಸಿದ್ದೆ. ವಾಪಸು ಬರುವ ಹೊತ್ತಿಗೆ ನಾನು ಇರುತ್ತೇನೆಂಬುದು ನನ್ನ ಲೆಕ್ಕದಲ್ಲೇ ಇರಲಿಲ್ಲ.

"ಮುಟ್ಟಿದಾಗ ಒಂದು ಫೋನ್ ಹಾಕ್ರಿ, ನಾನೇ ಹೊಡ್ಕಂಡು ಬರ್ತೀನಿ," ಎಂದ. "ನೀವು ಮನ್ಯಾಗಿರ್ರಿ, ಅಷ್ಟೆ."

"ಇರ್ತೀನಿ," ಎಂದೆ.