ನಮ್ಮ ವ್ಯಾನಿನ ಪೆಟ್ರೋಲು ಚಟ

"ಆ ವ್ಯಾನು ತಂದ್ರ ನಾ ತವರಿಗೆ ಬರಂಗಿಲ್ಲ ನೋಡಕ್ಕಾ," ಎಂದು ತಂಗಿ ದುಬಲಗುಂಡಿಯಿಂದ ಫೋನಿನಲ್ಲಿ ಖಡಾಖಂಡಿತ ಹೇಳಿಬಿಟ್ಟಳು. ಏಳು ತಿಂಗಳ ಬಸುರಿ. ಹಿಂದಿನ ದಿನವಷ್ಟೇ ಅವಳ ಸೀಮಂತದ ಕುಬಸಕ್ಕೆ ಅಪ್ಪ ಮತ್ತು ನಾನು ಅದೇ ವ್ಯಾನಿನಲ್ಲಿ ಹೋಗಿದ್ದೆವು. ಅಂಗಳದಲ್ಲಿ ಗಾಡಿ ನಿಂತದ್ದೇ ತಡ, ಪೆಟ್ರೋಲಿನ ವಾಸನೆಗೆ ಅವಳು ಹಸಿರು ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಬಚ್ಚಲಿಗೆ ಓಡಿದ್ದಳು. ಅವಳ ಅತ್ತೆ ಒಳ್ಳೆಯವರೇ, ನಾಲಿಗೆ ಮಾತ್ರ ಸ್ವಲ್ಪ ಖಾರ. "ಬಾಣಂತನ ಇಲ್ಲೇ ಆಗ್ಲಿ ಬಿಡ್ರಿ. ಈ ಹೊಗಿ ಗಾಡ್ಯಾಗ ಬಸುರಿ ಹೆಣ್ಮಗಳನ್ನ ಹ್ಯಾಂಗ ಕಳಸೂದು?" ಎಂದರು. ಅಪ್ಪನ ಮುಖ ಸಪ್ಪಗಾಯಿತು.

"ಬಾಡಿಗಿ ಕಾರು ಮಾಡೂಣಪ್ಪಾ," ಎಂದೆ ನಾನು, ತಂಗಿ ಫೋನಿಟ್ಟ ಮೇಲೆ.

"ನನ್ನ ಮಗಳನ್ನ ಮಂದಿ ಗಾಡ್ಯಾಗ ತರೂದಾ? ಅವ್ವಿಲ್ಲದ ಮನಿಗೆ ಕರಕೊಂಡು ಬರಾಕತ್ತೇನಿ. ನಾನ ಹೋಗಿ, ನನ್ನ ಗಾಡ್ಯಾಗ ತರ್ತೀನಿ." ಅಷ್ಟು ಹೇಳಿ ಅಪ್ಪ ಟವೆಲ್ಲು ಕೊಡವಿ ಎದ್ದುಹೋದರು. ಅಪ್ಪನಿಗೆ ಹಟ ಬಂದರೆ ಬ್ರಹ್ಮ ಬಂದರೂ ಅಷ್ಟೇ.

ಅಪ್ಪ ಈ ವ್ಯಾನಿನಲ್ಲಿ ಬಟ್ಟೆಯ ಗಂಟು ಹೇರಿಕೊಂಡು ಸಂತೆ ಸಂತೆ ತಿರುಗಿದವರು. ಮೊಣಕಾಲು ಹಿಡಿದ ಮೇಲೆ ಸ್ಟೇರಿಂಗು ನನ್ನ ಕೈಗೆ ಬಂತು. ನಾನು ಬಸವಕಲ್ಯಾಣದಲ್ಲಿ ಶಾಲಾ ಶಿಕ್ಷಕಿ. ಮದುವೆ ಬೇಡವೆಂದು ಕೂತವಳು, ಸಾಲದ್ದಕ್ಕೆ ವ್ಯಾನು ಬೇರೆ ಓಡಿಸುತ್ತೇನೆಂದರೆ ಓಣಿಗೆ ನಾನೊಂದು ತಮಾಷೆ. ನಗಲಿ. ಸಂತೆಯ ದಿನ ಲಿಫ್ಟು ಕೇಳುವವರೂ ಅವರೇ.

ವ್ಯಾನಿಗೆ ಮೊದಲು ಈ ಚಟ ಇರಲಿಲ್ಲ. ಬೇಸಿಗೆಯ ಶುರುವಿಗೆ ರೇಡಿಯೇಟರು ಸೋರತೊಡಗಿತು. ಹುಮನಾಬಾದಿನಲ್ಲಿ ನಮ್ಮ ಖಾಯಂ ಮಿಸ್ತ್ರಿ ಒಬ್ಬರಿದ್ದಾರೆ. ಅವರು ರೇಡಿಯೇಟರು, ನೀರಿನ ಪಂಪು ಎರಡನ್ನೂ ಹೊಸದು ಹಾಕಿಕೊಟ್ಟರು. ಅದಾಗಿ ಸ್ವಲ್ಪ ದಿನಕ್ಕೇ ಗಾಡಿ ಕರಿ ಹೊಗೆ ಉಗುಳತೊಡಗಿತು. ಸಿಗ್ನಲ್ಲಿನಲ್ಲಿ ನಿಂತರೆ ಕೆಮ್ಮು ಹತ್ತಿದ ಮುದುಕನ ಹಾಗೆ ಕುಲುಕಾಡುವುದು. ನಮ್ಮ ವ್ಯಾನಿನಲ್ಲಿ ಮುಂದಿನ ಸೀಟಿನ ಅಡಿಗೇ ಇಂಜಿನ್ನು, ಹಾಗಾಗಿ ವಾಸನೆಯೆಲ್ಲ ನೇರ ಮೂಗಿಗೆ. ತುಂಬಿಸಿದ ಪೆಟ್ರೋಲು ಎಲ್ಲಿ ಹೋಗುತ್ತಿತ್ತೋ ಆ ದೇವರಿಗೇ ಗೊತ್ತು.

"ಗಾಡಿ ರಿಚ್ ನಡ್ಯಾಕತ್ತದ್ರಿ ಟೀಚರ್. ಗಾಳಿ ಕಮ್ಮಿ, ಪೆಟ್ರೋಲ್ ಜ್ಯಾಸ್ತಿ," ಎಂದರು ಮಿಸ್ತ್ರಿ.

"ನಮ್ಮ ಮನ್ಯಾಗ ರಿಚ್ ಆಗಿದ್ದು ಇದೊಂದೇ ನೋಡ್ರಿ," ಎಂದೆ.

ಪ್ಲಗ್ಗು ಬಿಚ್ಚಿದರೆ ಒಲೆಯ ಮಸಿಯಷ್ಟು ಕಪ್ಪು. ಹೊಸ ಪ್ಲಗ್ಗು ಹಾಕಿದರು, ಅವೂ ಕಪ್ಪಾದವು. ಏರ್ ಫಿಲ್ಟರು ಬದಲಾಯಿಸಿದರು. ಹೊಗೆ ಹೋಗುವ ಪೈಪಿನ ಸೆನ್ಸರನ್ನೂ ಬದಲಾಯಿಸಿದರು. ಗಾಡಿ ಮಾತ್ರ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಪ್ರತಿ ಸಲವೂ ಅಪ್ಪ ನನ್ನ ಜೊತೆ ಬಂದು ಗ್ಯಾರೇಜಿನ ಬೆಂಚಿನ ಮೇಲೆ ಕೂತು, "ಜಲ್ದಿ ನೋಡ್ರಿ, ಮಗಳನ್ನ ತರಬೇಕಾಗ್ಯಾದ," ಎಂದು ಗೋಗರೆಯುತ್ತಿದ್ದರು.

ಕುಬಸದ ಮುಂದಿನ ಭಾನುವಾರ ಮತ್ತೆ ಹೋದೆವು. ಮಿಸ್ತ್ರಿ ಯಾರಿಂದಲೋ ಒಂದು ಸ್ಕ್ಯಾನರು ತಂದಿದ್ದರು. ವೈರು ಸಿಕ್ಕಿಸಿ, ಪರದೆ ನೋಡಿ, ಹುಬ್ಬು ಗಂಟಿಕ್ಕಿದರು. "ಇಂಜಿನ್ ಥಂಡಾ ಅದ ಅನ್ನಾಕತ್ತದಲ್ರಿ ಇದು. ಟೆಂಪರೇಚರ್ ಸೆನ್ಸರ್ ಖರಾಬ್ ಆಗ್ಯಾದ."

ಬಸವಕಲ್ಯಾಣದಿಂದ ಹುಮನಾಬಾದಿನ ತನಕ ಆ ಉರಿಬಿಸಿಲಿನಲ್ಲಿ ಬಂದ ಗಾಡಿ ಥಂಡಾ! ನನಗೆ ತಲೆ ಕೆಟ್ಟಿತು. ಸೀಟು ಎತ್ತಿ, ನೀರಿನ ಪೈಪಿಗೆ ಹೆದರುತ್ತಲೇ ಬೆರಳು ತಾಗಿಸಿದೆ. ಸುಡಲಿಲ್ಲ, ಕೂಸಿಗೆ ಎರೆಯುವ ನೀರಿನಷ್ಟೇ ಬೆಚ್ಚಗಿತ್ತು. "ಮುಟ್ಟಿ ನೋಡ್ರಿ," ಎಂದೆ. ಮಿಸ್ತ್ರಿ ಮುಟ್ಟಿದರು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಸೆನ್ಸರು ನಿಜವನ್ನೇ ಹೇಳುತ್ತಿತ್ತು.

ಅವರು ಪೈಪಿನ ಬಾಯಿಯ ಬೋಲ್ಟು ಬಿಚ್ಚಿದರು. ಒಳಗೆ ಇರಬೇಕಾದ ವಾಲ್ವು ಇರಲಿಲ್ಲ. ಇಂಜಿನ್ನು ಕಾಯುವವರೆಗೆ ನೀರನ್ನು ತಡೆದು ನಿಲ್ಲಿಸುವುದು ಆ ವಾಲ್ವಿನ ಕೆಲಸ. ಅದಿಲ್ಲದಿದ್ದರೆ ಅನ್ನಕ್ಕಿಟ್ಟ ಎಸರಿಗೆ ಮೇಲಿಂದ ಮೇಲೆ ತಣ್ಣೀರು ಸುರಿದ ಹಾಗೆ, ಇಂಜಿನ್ನು ಕಾಯುವುದೇ ಇಲ್ಲ. ಗಾಡಿಯೊಳಗಿನ ಕಂಪ್ಯೂಟರು, ಪಾಪ, ಈಗಷ್ಟೇ ಚಳಿಯಲ್ಲಿ ಗಾಡಿ ಶುರುವಾಗಿದೆ ಎಂದುಕೊಂಡು ಪೆಟ್ರೋಲು ಸುರಿಯುತ್ತಲೇ ಇತ್ತು.

"ಖುದಾ ಕಸಮ್, ನಾ ಹಾಕಿದ್ದೆ ಟೀಚರ್! ಇದನ್ನ ಯಾರು ತಗದ್ರು?"

ಬೆಂಚಿನ ಕಡೆಯಿಂದ ಸಣ್ಣ ದನಿ ಬಂತು. "ನಾನ ತಗದೀನಿ."

ನಮ್ಮ ಕಡೆಯ ಹಳೆಯ ಡ್ರೈವರುಗಳ ಪದ್ಧತಿ ಇದು. ಈ ಬಿಸಿಲಿನಲ್ಲಿ ಬಿಸಿ ಹಿಡಿದಿಡುವ ವಾಲ್ವು ಯಾಕೆ ಎಂದು ಜೀಪು, ಟೆಂಪೊ ಯಾವುದನ್ನೂ ಬಿಡದೆ ಕಿತ್ತೊಗೆಯುತ್ತಿದ್ದರು. ಕಂಪ್ಯೂಟರಿಲ್ಲದ ಆ ಗಾಡಿಗಳು ಸುಮ್ಮನೆ ಓಡುತ್ತಿದ್ದವು. ನಾನು ಶಾಲೆಗೆ ಹೋಗಿದ್ದಾಗ ಅಪ್ಪ ಮನೆಯಂಗಳದಲ್ಲೇ ಈ ಕೆಲಸ ಮುಗಿಸಿದ್ದರು.

"ಅಪ್ಪಾ, ನಿನಗೇನು ಬುದ್ಧಿ ಅದನೋ ಇಲ್ಲೋ? ಅಕಿ ವಾಂತಿ ಮಾಡ್ಕೊಂಡು ಸಾಯಾಕತ್ತಾಳ, ನೀ ನೋಡಿದ್ರ..." ಎಂದು ನಾನು ಗ್ಯಾರೇಜು ಹಾರಿಹೋಗುವಂತೆ ಕೂಗಾಡಿದೆ.

ಅಪ್ಪ ತಲೆ ಎತ್ತಲಿಲ್ಲ. "ನಿಮ್ಮವ್ವನ್ನ ದವಾಖಾನಿಗೆ ಒಯ್ಯಾಗ ರಾಜೇಶ್ವರದ ಹತ್ರ ಗಾಡಿ ಕುದ್ದು ನಿಂತಿತ್ತಲ್ಲವ್ವಾ. ಜ್ವರದಾಗ ಅಕಿ ಬೇವಿನ ಗಿಡದ ಬುಡಕ ಕುಂತಿದ್ಲು. ನಾ ನೀರಿಗಂತ ಹುಚ್ಚನಾಂಗ ಓಡ್ಯಾಡೀನಿ. ಬಸುರಿ ಮಗಳನ್ನ ತರಾಗ ಮತ್ತ ಹಾಂಗಾದ್ರ ಏನ್ ಮಾಡ್ಲಿ?"

ಅವ್ವ ಆ ಸಲ ಗುಣವಾಗಿ ಮನೆಗೆ ಬಂದಿದ್ದಳು. ತೀರಿಕೊಂಡದ್ದು ಎಷ್ಟೋ ದಿನಗಳ ನಂತರ, ಬೇರೆಯದೇ ಕಾಯಿಲೆಯಿಂದ. ಅಪ್ಪ ಆ ದಿನದ ಮಾತನ್ನು ಅಲ್ಲಿಯವರೆಗೆ ಒಮ್ಮೆಯೂ ಎತ್ತಿರಲಿಲ್ಲ. ನಾನು ಮರೆತೇಬಿಟ್ಟಿದ್ದೆ. ಸಿಟ್ಟು ಎಲ್ಲಿ ಇಳಿದುಹೋಯಿತೋ ತಿಳಿಯಲಿಲ್ಲ. ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂತೆ. ಮಿಸ್ತ್ರಿ ಹೊಸ ವಾಲ್ವು ತರಲು ಹೋದರು.

ತಂಗಿಯನ್ನು ಕರೆತರಲು ಹೊರಟ ದಿನ ಅಪ್ಪನ ಕಣ್ಣು ಇಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳಿನ ಮೇಲೇ. "ಏರಾಕತ್ತದ ನೋಡು!" "ಏರಬೇಕಪ್ಪಾ ಅದು." "ಇನ್ನೂ ಏರಾಕತ್ತದಲ್ಲ!" "ಅಪ್ಪಾ, ನನಗ ಗಾಡಿ ಹೊಡ್ಯಾಕ ಬಿಡು." ಮುಳ್ಳು ನಡುವಿಗೆ ಬಂದು ನಿಂತಿತು. ಹೊಗೆಯಿಲ್ಲ, ವಾಸನೆಯಿಲ್ಲ. ದುಬಲಗುಂಡಿಯಲ್ಲಿ ತಂಗಿಯ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೈಲೆನ್ಸರಿನ ತನಕ ಬಗ್ಗಿ ಮೂಸಿ ನೋಡಿದರು. "ಹ್ಞೂಂ, ಈಗ ಮನಷ್ಯಾರು ಕುಂದ್ರೂ ಗಾಡಿ ಆತು. ಕರಕೊಂಡು ಹೋಗ್ರಿ," ಎಂದರು. ಹುಮನಾಬಾದು ದಾಟುವುದರೊಳಗೆ ತಂಗಿಗೆ ಹಿಂದಿನ ಸೀಟಿನಲ್ಲಿ ನಿದ್ದೆ ಹತ್ತಿತು.

ರಾಜೇಶ್ವರದ ಹತ್ತಿರ ಅಪ್ಪ, "ನಿಲ್ಲಸವ್ವಾ," ಎಂದರು. ಮುಳ್ಳು ನೋಡಿದೆ, ನಡುವಿನಲ್ಲೇ ಇತ್ತು. ಅಪ್ಪ ಇಳಿದು ಕುಂಟುತ್ತ ಹೋಗಿ ಆ ಬೇವಿನ ಗಿಡದ ಕೆಳಗೆ ನಿಂತರು. ತಂಗಿಗೆ ಎಚ್ಚರವಾಯಿತು.

"ಅಪ್ಪಾ, ಗಾಡಿ ಕೆಟ್ಟದೇನು?"

ಅಪ್ಪ ವಾಪಸು ಬಂದು, ಮುಂದೆ ಕೂರದೆ ಹಿಂದಿನ ಬಾಗಿಲು ಸರಿಸಿ ಅವಳ ಪಕ್ಕ ಕೂತರು. "ಇಲ್ಲವ್ವಾ, ಕೆಟ್ಟಿಲ್ಲ," ಎಂದರು. "ಕೆಟ್ಟಿಲ್ಲಂತ ನಿಮ್ಮವ್ವಗ ಹೇಳಿ ಬಂದೆ."

ನಾನು ಕಣ್ಣೊರೆಸಿಕೊಂಡು ಗೇರು ಹಾಕಿದೆ.